ಮೂತ್ರಪಿಂಡ ರೋಗಿಯ ಮಾತ್ರೆ ಮತ್ತು ಹೃದಯ: ಒಂದು ಚಾರಿತ್ರಿಕ ನೋಟ



ನಮ್ಮ ತೆಂಗಳಿಯ ಸುತ್ತಮುತ್ತಲಿನ ನಾಡು ಕಲ್ಲಿನ ನಾಡು. ಶಹಾಬಾದಿನಲ್ಲಿ ಫರಸಿ ಕಲ್ಲಿನ ಗಣಿಗಳು, ವಾಡಿ, ಸೇಡಂ ಮತ್ತು ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು. ನಾವು ಹುಟ್ಟಿ ಬೆಳೆದ ಮನೆಯ ನೆಲಕ್ಕೂ, ಅಕ್ಷರ ಕಲಿತ ಶಾಲೆಯ ನೆಲಕ್ಕೂ ಇದೇ ಕಲ್ಲು. ಇದು ಸುಣ್ಣದಕಲ್ಲು. ವಿಜ್ಞಾನದ ಪಠ್ಯದಲ್ಲಿ ಇದರ ಮುಖ್ಯ ವಸ್ತುವಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಹೆಸರು.

ನನ್ನ ತಾಯಿಯ ಅಣ್ಣ, ನಮ್ಮ ಮಾಮೂ, ಈ ಕಲ್ಲಿನ ಗಣಿಯಲ್ಲಿಯೇ ದುಡಿದು ಮಕ್ಕಳನ್ನು ಓದಿಸಿದವರು. ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡಗಳು, ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಗುರ್ದೆಗಳು, ಕೆಟ್ಟುಹೋದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕಲಬುರಗಿಗೆ ಹೋಗುತ್ತಿದ್ದರು. ಅವರ ಔಷಧಿಗಳ ಚೀಲದಲ್ಲಿ ಒಂದು ದೊಡ್ಡ ಬಿಳಿ ಮಾತ್ರೆ ಇತ್ತು. ಒಂದು ದಿನ ನಾನು ಅದರ ಮೇಲಿನ ಹೆಸರನ್ನು ಓದಿ ಹೇಳಿದೆ: ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗೆಂದರೇನು ಎಂದು ಕೇಳಿದರು. ವಿವರಿಸಿದೆ. ಮಾಮೂ ನಕ್ಕು, "ಜೀವಮಾನವಿಡೀ ಕಲ್ಲು ಒಡೆದೆ. ಈಗ ಅದೇ ಕಲ್ಲನ್ನು ನುಂಗುತ್ತಿದ್ದೇನೆ" ಎಂದರು.

ಮುಂದೆ ಒಮ್ಮೆ ಬಿದ್ದು ಕೈಗೆ ಪೆಟ್ಟಾದಾಗ ಎಕ್ಸ್-ರೇ ತೆಗೆಸಿದೆವು. ಎಲುಬು ಮುರಿದಿರಲಿಲ್ಲ. ಆದರೆ ಎಲುಬಿನ ಪಕ್ಕದಲ್ಲಿ ಎರಡು ತೆಳುವಾದ ಬಿಳಿ ಗೆರೆಗಳು ಕಾಣುತ್ತಿದ್ದವು. ಅದು ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಂಡ ಸುಣ್ಣ ಎಂದು ವೈದ್ಯರು ತೋರಿಸಿದರು. ಒಂದು ವರ್ಷ ಕಳೆಯುವುದರೊಳಗೆ ಮಾಮೂ ನಮ್ಮನ್ನು ಅಗಲಿದರು. ಅವರ ಪ್ರಾಣ ತೆಗೆದದ್ದು ಹೃದಯಾಘಾತ. ಗುರ್ದೆ ಹೋದವರು ಹೃದಯದಿಂದ ಏಕೆ ಹೋದರು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ವೈದ್ಯನಲ್ಲ, ಶಾಲಾ ಶಿಕ್ಷಕ. ಆದರೂ ಓದಬಲ್ಲೆ. ಓದಿ ತಿಳಿದದ್ದನ್ನು ಒಂದು ಚರಿತ್ರೆಯ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ರಂಜಕದ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕವನ್ನು ತಿಳಿದುಕೊಳ್ಳೋಣ. ನಾವು ಉಣ್ಣುವ ಬೇಳೆ, ಹಾಲು, ಮಾಂಸ, ಮೊಟ್ಟೆ ಎಲ್ಲದರಲ್ಲಿಯೂ ರಂಜಕವಿದೆ. ಆಸ್ಪತ್ರೆಯಲ್ಲಿ ಇದನ್ನು ಫಾಸ್ಫರಸ್ ಅಥವಾ ಫಾಸ್ಫೇಟ್ ಎನ್ನುತ್ತಾರೆ. ಎಲುಬಿಗೂ ಶರೀರದ ಶಕ್ತಿಗೂ ಅದು ಬೇಕೇಬೇಕು. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ರಂಜಕ ಊಟದಲ್ಲಿ ಬಂದರೆ ಅದರಲ್ಲಿ ಸುಮಾರು 600 ಮಿಲಿಗ್ರಾಂ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತನ ಮೂತ್ರಪಿಂಡ ಹೆಚ್ಚಾದದ್ದನ್ನು ಅಂದಂದೇ ಹೊರಹಾಕಿ, ರಕ್ತದಲ್ಲಿ ಅದರ ಪ್ರಮಾಣವನ್ನು ಡೆಸಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಒಳಗೆ ಇಡುತ್ತದೆ.

ಮೂತ್ರಪಿಂಡ ನಿಂತುಹೋದವನ ಗತಿಯೇನು? ವಾರಕ್ಕೆ ಅವನ ರಕ್ತಕ್ಕೆ ಸೇರುವುದು ಸುಮಾರು 4,200 ಮಿಲಿಗ್ರಾಂ. ನಾಲ್ಕು ಗಂಟೆಗಳ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800ರಿಂದ 1,000 ಮಿಲಿಗ್ರಾಂ. ವಾರಕ್ಕೆ ಮೂರು ಸಲ ಮಾಡಿಸಿದರೂ ಲೆಕ್ಕ ಸರಿಹೋಗುವುದಿಲ್ಲ. ನಮ್ಮಲ್ಲಿ ಹಣದ ಮತ್ತು ಪ್ರಯಾಣದ ತೊಂದರೆಯಿಂದ ಎರಡೇ ಸಲ ಮಾಡಿಸುವವರು ಬಹಳ. ಅವರಲ್ಲಿ ಬಾಕಿ ಇನ್ನೂ ಹೆಚ್ಚು ಉಳಿಯುತ್ತದೆ.

ಈ ಬಾಕಿಯನ್ನು ತಡೆಯಲು ಕೊಡುವುದೇ ಫಾಸ್ಫೇಟ್ ಬೈಂಡರ್ ಎಂಬ ಮಾತ್ರೆ. ಇದರ ಕೆಲಸ ನಡೆಯುವುದು ರಕ್ತದಲ್ಲಲ್ಲ, ಕರುಳಿನಲ್ಲಿ. ಊಟದ ಜೊತೆ ಹೊಟ್ಟೆಗೆ ಇಳಿದ ಮಾತ್ರೆ ಅನ್ನದಲ್ಲಿರುವ ರಂಜಕವನ್ನು ಹಿಡಿದುಕೊಂಡು ಮಲದ ಮೂಲಕ ಹೊರಗೆ ಒಯ್ಯುತ್ತದೆ. ಈ ಮಾತ್ರೆಯ ಚರಿತ್ರೆಯೇ ನಮ್ಮ ಲೇಖನದ ವಿಷಯ.

ಯಂತ್ರ ಬಂತು, ಹೃದಯ ಉಳಿಯಲಿಲ್ಲ

ದ್ರಾವಣದಿಂದ ಸಣ್ಣ ಕಣಗಳನ್ನು ತೆಳುಪೊರೆಯ ಮೂಲಕ ಬೇರ್ಪಡಿಸುವ ಕ್ರಿಯೆಗೆ ಡಯಾಲಿಸಿಸ್ ಎಂದು 1861ರಲ್ಲಿ ಹೆಸರಿಟ್ಟವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಅದನ್ನು ಮನುಷ್ಯನ ರಕ್ತಕ್ಕೆ ಅಳವಡಿಸಿ ಯಶಸ್ಸು ಕಂಡವರು ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗ, 1943ರಲ್ಲಿ ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ಅವರು ತಿರುಗುವ ಪೀಪಾಯಿಗೆ ಸೆಲೊಫೇನ್ ಕೊಳವೆಯನ್ನು ಸುತ್ತಿ ಕೃತಕ ಮೂತ್ರಪಿಂಡವನ್ನು ಕಟ್ಟಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಕೋಲ್ಫ್ ಕೈಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಈ ಯಂತ್ರದಿಂದ ಚೇತರಿಸಿಕೊಂಡು ಮನೆಗೆ ಹೋದರು.

ಆದರೆ ಕೆಲವು ಸಲ ಮಾಡಿದ ಮೇಲೆ ರೋಗಿಯ ರಕ್ತನಾಳಗಳೇ ಹಾಳಾಗುತ್ತಿದ್ದವು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ರೋಗಿಯ ಕೈಯಲ್ಲಿಯೇ ಕಾಯಂ ಆಗಿ ಇರಿಸುವ ಉಪಾಯ ಕಂಡುಹಿಡಿದರು. ಅದರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್. ಸಾವಿನ ಬಾಗಿಲಲ್ಲಿದ್ದ ಆತ ಮುಂದೆ 11 ವರ್ಷ ಬದುಕಿದರು. ಓದುಗರೇ, 1971ರಲ್ಲಿ ಅವರು ತೀರಿಕೊಂಡದ್ದು ಹೇಗೆ ಗೊತ್ತೇ? ಹೃದಯಾಘಾತದಿಂದ.

ಇದು ಒಬ್ಬರ ಕಥೆಯಾಗಿರಲಿಲ್ಲ. 1974ರಲ್ಲಿ ಸ್ಕ್ರಿಬ್ನರ್ ಮತ್ತು ಅವರ ಸಂಗಡಿಗರು ತಮ್ಮ 39 ರೋಗಿಗಳ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಸತ್ತ 23 ಜನರಲ್ಲಿ 14 ಜನರ ಸಾವಿಗೆ ರಕ್ತನಾಳಗಳ ರೋಗ ಕಾರಣವಾಗಿತ್ತು: ಎಂಟು ಹೃದಯಾಘಾತ, ಮೂರು ಪಾರ್ಶ್ವವಾಯು, ಮೂರು ಹೃದಯ ವೈಫಲ್ಯ. ಯಂತ್ರವು ವಿಷವನ್ನು ತೆಗೆಯಿತು, ಆದರೆ ರಕ್ತನಾಳಗಳು ವಯಸ್ಸಿಗಿಂತ ಮೊದಲೇ ಮುದಿಯಾಗುತ್ತಿದ್ದವು. ಇದಕ್ಕೆ ಕಾರಣಗಳು ಹಲವು: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು. ಅವುಗಳ ಜೊತೆ ರಂಜಕವೂ ಒಂದು ಎಂಬುದು ತಿಳಿಯಲು ಇನ್ನೂ ಕಾಲ ಹಿಡಿಯಿತು.

ಮೊದಲ ಮಾತ್ರೆ: ಅಲ್ಯೂಮಿನಿಯಂ

ರಂಜಕವನ್ನು ಹಿಡಿಯಲು 1960 ಮತ್ತು 1970ರ ದಶಕಗಳಲ್ಲಿ ಬಳಸಿದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಹೊಟ್ಟೆಯುರಿಗೆ ಕೊಡುವ ಔಷಧದಲ್ಲಿಯೂ ಇದೇ ಇರುತ್ತಿತ್ತು. ಕೆಲಸವನ್ನು ಅದು ಚೆನ್ನಾಗಿ ಮಾಡುತ್ತಿತ್ತು. ರಕ್ತದ ವರದಿಯಲ್ಲಿ ರಂಜಕ ಇಳಿಯಿತು. ಅಲ್ಯೂಮಿನಿಯಂ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆಗ ಕೆಲವು ಕೇಂದ್ರಗಳಲ್ಲಿ ವಿಚಿತ್ರವಾದ ರೋಗ ಕಾಣಿಸಿತು. ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿದ್ದವರ ಮಾತು ತೊದಲತೊಡಗಿತು. ಕೈಕಾಲು ಅದುರತೊಡಗಿದವು, ನೆನಪು ಅಳಿಯಿತು, ಕೆಲವೇ ತಿಂಗಳುಗಳಲ್ಲಿ ಸಾವು ಬಂತು. ಅಮೆರಿಕದ ಡೆನ್ವರ್ ನಗರದ ವೈದ್ಯ ಆಲ್ಫ್ರೆ ಮತ್ತು ಸಂಗಡಿಗರು ಇದನ್ನು 1972ರಲ್ಲಿ ವರದಿ ಮಾಡಿದರು. 1976ರಲ್ಲಿ ಅವರು ಕಾರಣವನ್ನೂ ಮುಂದಿಟ್ಟರು. ಈ ರೋಗದಿಂದ ಸತ್ತವರ ಮೆದುಳಿನಲ್ಲಿ ಕಿಲೋಗ್ರಾಮಿಗೆ 25 ಮಿಲಿಗ್ರಾಂ ಅಲ್ಯೂಮಿನಿಯಂ ಇತ್ತು. ಮೂತ್ರಪಿಂಡ ರೋಗವಿಲ್ಲದವರಲ್ಲಿ ಇದ್ದದ್ದು 2.2 ಮಾತ್ರ.

ಅಲ್ಯೂಮಿನಿಯಂ ಎರಡು ದಾರಿಗಳಿಂದ ಬಂದಿತ್ತು. ಒಂದು, ಮಾತ್ರೆ. ಇನ್ನೊಂದು, ನೀರು. ಕದಡಿದ ನೀರನ್ನು ತಿಳಿಮಾಡಲು ಫಿಟ್ಕರಿಯನ್ನು ಹಾಕುವುದು ನಮ್ಮ ಹಿರಿಯರಿಗೂ ಗೊತ್ತಿತ್ತು, ನಗರಗಳ ನೀರು ಸರಬರಾಜಿನಲ್ಲಿಯೂ ಇದೆ. ಫಿಟ್ಕರಿ ಎಂದರೆ ಅಲ್ಯೂಮಿನಿಯಂ ಲವಣ. ಕುಡಿಯುವವನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಒಂದು ಡಯಾಲಿಸಿಸ್‌ನಲ್ಲಿ ರೋಗಿಯ ರಕ್ತದ ಎದುರು ತೆಳುಪೊರೆಯಾಚೆ ಸುಮಾರು 120 ಲೀಟರ್ ನೀರು ಹರಿಯುತ್ತದೆ. ಇಂದು ಪ್ರತಿ ಡಯಾಲಿಸಿಸ್ ಕೇಂದ್ರದಲ್ಲಿ ಶುದ್ಧ ನೀರಿನ ಘಟಕ ಕಡ್ಡಾಯವಾಗಿರಲು ಈ ದುರಂತವೂ ಒಂದು ಕಾರಣ. ಅಲ್ಯೂಮಿನಿಯಂ ಎಲುಬನ್ನು ಮೆತ್ತಗೆ ಮಾಡುತ್ತದೆ, ರಕ್ತಹೀನತೆಯನ್ನು ತರುತ್ತದೆ ಎಂಬುದೂ ಗೊತ್ತಾಯಿತು. ಆ ಮಾತ್ರೆ ಹಿಂದೆ ಸರಿಯಿತು.

ಎರಡನೆಯ ಮಾತ್ರೆ: ಸುಣ್ಣ

ಆಗ ಎಲ್ಲರ ಕಣ್ಣು ಬಿದ್ದದ್ದು ನಮ್ಮ ಕಲ್ಲಿನ ಮೇಲೆ. ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದ ಜೊತೆ ಕೊಟ್ಟರೆ ರಂಜಕ ಇಳಿಯುತ್ತದೆ ಎಂದು 1986ರಲ್ಲಿ ಸ್ಲಾಟೋಪೋಲ್ಸ್ಕಿ ಮತ್ತು ಸಂಗಡಿಗರು ತೋರಿಸಿದರು. 1990ರಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಎಂಬ ಇನ್ನೊಂದು ರೂಪಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಸುಣ್ಣದ ಮಾತ್ರೆ ಅಗ್ಗ, ಎಲ್ಲಿಯೂ ಸಿಗುತ್ತದೆ, ಮೆದುಳಿಗೆ ವಿಷವಲ್ಲ, ಎಲುಬಿಗೂ ಒಳ್ಳೆಯದು. ಇದಕ್ಕಿಂತ ಬೇರೇನು ಬೇಕು ಎಂದು ಜಗತ್ತು ನೆಮ್ಮದಿಯ ಉಸಿರು ಬಿಟ್ಟಿತು.

ಆದರೆ 1,250 ಮಿಲಿಗ್ರಾಮಿನ ಒಂದು ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಇಂಥ ಹಲವು ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಅದರ ಒಂದು ಭಾಗ ರಕ್ತಕ್ಕೆ ಸೇರುತ್ತದೆ. ಅದನ್ನು ಹೊರಹಾಕಬೇಕಾದ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ಹಾಗಾದರೆ ಆ ಸುಣ್ಣ ಎಲ್ಲಿಗೆ ಹೋಗಬೇಕು?

ಉತ್ತರ 2000ದಲ್ಲಿ ಸಿಕ್ಕಿತು. ಗುಡ್‌ಮನ್ ಮತ್ತು ಸಂಗಡಿಗರು ಬಾಲ್ಯ ಅಥವಾ ಯೌವನದಲ್ಲಿಯೇ ಮೂತ್ರಪಿಂಡ ಕಳೆದುಕೊಂಡವರ ಹೃದಯಗಳನ್ನು ಸಿ.ಟಿ. ಯಂತ್ರದಿಂದ ನೋಡಿದರು. 20 ವರ್ಷದ ಒಳಗಿನ 23 ಜನರಲ್ಲಿ ಒಬ್ಬರಲ್ಲಿಯೂ ಸುಣ್ಣ ಕಾಣಲಿಲ್ಲ. ಆದರೆ 20ರಿಂದ 30 ವರ್ಷದ 16 ಜನರಲ್ಲಿ 14 ಜನರ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿತ್ತು. ಇಪ್ಪತ್ತೈದರ ಯುವಕನಲ್ಲಿ ಮುದುಕನ ರಕ್ತನಾಳ! ಸುಣ್ಣ ಕಟ್ಟಿದವರು ಹೆಚ್ಚು ವರ್ಷ ಡಯಾಲಿಸಿಸ್‌ನಲ್ಲಿದ್ದವರು, ಅವರ ರಕ್ತದಲ್ಲಿ ರಂಜಕ ಹೆಚ್ಚಿತ್ತು, ಅವರು ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು.

ಅದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಸುಣ್ಣ ರಕ್ತನಾಳದ ಗೋಡೆಗೆ ಕೇವಲ ಕೊಳಾಯಿಯಲ್ಲಿ ಪಾಚಿ ಕಟ್ಟಿದಂತೆ ಕಟ್ಟುವುದಿಲ್ಲ. ರಂಜಕ ಹೆಚ್ಚಾದಾಗ ಗೋಡೆಯ ಸ್ನಾಯುಕೋಶಗಳು ತಮ್ಮ ಸ್ವಭಾವವನ್ನೇ ಬಿಟ್ಟು ಎಲುಬಿನ ಕೋಶಗಳಂತೆ ವರ್ತಿಸತೊಡಗುತ್ತವೆ ಎಂದು 2000ದಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ರಬ್ಬರಿನಂತೆ ಹಿಗ್ಗಬೇಕಾದ ನಾಳ ಕಲ್ಲಿನ ಕೊಳವೆಯಾಗುತ್ತದೆ. ಅದರೊಳಗೆ ರಕ್ತವನ್ನು ನೂಕಲು ಹೃದಯ ಹೆಚ್ಚು ಬಲ ಹಾಕಬೇಕು. ಬಲ ಹಾಕಿ ಹಾಕಿ ಅದರ ಗೋಡೆ ದಪ್ಪವಾಗುತ್ತದೆ, ಬಡಿತ ಏರುಪೇರಾಗುತ್ತದೆ, ಕಡೆಗೆ ಸೋಲುತ್ತದೆ. ಮಾಮೂ ಅವರ ಎಕ್ಸ್-ರೇಯಲ್ಲಿ ಕಂಡ ಬಿಳಿ ಗೆರೆಗಳ ಅರ್ಥ ನನಗೆ ಆಗಲೇ ಆದದ್ದು.

ಹಾಗೆಂದು ರಂಜಕವನ್ನು ಬಿಡುವಂತೆಯೂ ಇರಲಿಲ್ಲ. ರಂಜಕ 6.5ಕ್ಕಿಂತ ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಬ್ಲಾಕ್ ಮತ್ತು ಸಂಗಡಿಗರು 1998ರಲ್ಲಿಯೇ ತೋರಿಸಿದ್ದರು. ಮಾತ್ರೆ ಬಿಟ್ಟರೆ ರಂಜಕದ ಹೊಡೆತ, ಹೆಚ್ಚು ನುಂಗಿದರೆ ಸುಣ್ಣದ ಹೊಡೆತ. ನಮ್ಮ ಗಾದೆಯಂತೆ ಅತ್ತ ದರಿ, ಇತ್ತ ಪುಲಿ. ಮಾತ್ರೆಗಳಿಂದ ಸಿಗುವ ಕ್ಯಾಲ್ಸಿಯಂ ದಿನಕ್ಕೆ 1,500 ಮಿಲಿಗ್ರಾಂ ದಾಟಬಾರದು ಎಂದು 2003ರಲ್ಲಿ ಅಮೆರಿಕದ ವೈದ್ಯರು ಮಿತಿ ಹಾಕಿಕೊಂಡರು.

ಮೂರನೆಯ ತಲೆಮಾರು

ಸುಣ್ಣವೂ ಅಲ್ಯೂಮಿನಿಯಂ ಸಹ ಇಲ್ಲದ ಮಾತ್ರೆ ಸೆವೆಲಾಮರ್. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. 2002ರಲ್ಲಿ 200 ರೋಗಿಗಳ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲ ಬಂತು: ಕ್ಯಾಲ್ಸಿಯಂ ಮಾತ್ರೆ ನುಂಗಿದವರ ರಕ್ತನಾಳಗಳಲ್ಲಿ ಸುಣ್ಣ ಬೆಳೆಯಿತು, ಸೆವೆಲಾಮರ್ ನುಂಗಿದವರಲ್ಲಿ ಅಷ್ಟು ಬೆಳೆಯಲಿಲ್ಲ. ಕೆಟ್ಟ ಕೊಲೆಸ್ಟರಾಲ್ ಕೂಡ ಇಳಿಯಿತು. ಮುಂದೆ 2004ರಲ್ಲಿ ಲ್ಯಾಂಥನಂ, 2013 ಮತ್ತು 2014ರಲ್ಲಿ ಕಬ್ಬಿಣದ ಅಂಶವಿರುವ ಮಾತ್ರೆಗಳು ಬಂದವು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಬರೆಯಲು ನನಗೂ ಆಸೆ. ಆದರೆ ಚರಿತ್ರೆ ನಮ್ಮ ಆಸೆಯನ್ನು ಕೇಳುವುದಿಲ್ಲ. 2007ರಲ್ಲಿ 2,103 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಸೆವೆಲಾಮರ್ ಮತ್ತು ಕ್ಯಾಲ್ಸಿಯಂ ನಡುವೆ ಒಟ್ಟು ಸಾವಿನ ಸಂಖ್ಯೆಯಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ 11 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ಯಾಲ್ಸಿಯಂ ಇಲ್ಲದ ಮಾತ್ರೆ ನುಂಗಿದವರಲ್ಲಿ ಸಾವು ಶೇ. 22ರಷ್ಟು ಕಡಿಮೆ ಎಂದು ಬಂತು. ಇದರ ಬೆನ್ನಿಗೆ 2017ರಲ್ಲಿ ಅಂತರರಾಷ್ಟ್ರೀಯ ವೈದ್ಯರ ಮಾರ್ಗಸೂಚಿಯು ಕ್ಯಾಲ್ಸಿಯಂ ಮಾತ್ರೆಯ ಪ್ರಮಾಣವನ್ನು ಮಿತಿಯಲ್ಲಿಡಬೇಕು ಎಂದಿತು. ಆದರೆ 2021ರಲ್ಲಿ ಜಪಾನಿನಲ್ಲಿ 2,309 ರೋಗಿಗಳ ಪ್ರಯೋಗ ಮುಗಿದಾಗ, ಲ್ಯಾಂಥನಂ ನುಂಗಿದವರಿಗೂ ಕ್ಯಾಲ್ಸಿಯಂ ಕಾರ್ಬೊನೇಟ್ ನುಂಗಿದವರಿಗೂ ಹೃದಯದ ತೊಂದರೆಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದೇನು? ದುಬಾರಿ ಮಾತ್ರೆಯೆಲ್ಲ ಅಮೃತವಲ್ಲ, ಅಗ್ಗದ ಮಾತ್ರೆಯೆಲ್ಲ ವಿಷವಲ್ಲ. ವರದಿಯಲ್ಲಿ ಒಂದು ಅಂಕಿ ಇಳಿದ ಮಾತ್ರಕ್ಕೆ ರೋಗಿ ಉಳಿದಂತಲ್ಲ. ಅಲ್ಯೂಮಿನಿಯಂ ಕಾಲದಲ್ಲಿಯೂ ಅಂಕಿ ಇಳಿದಿತ್ತು, ಸುಣ್ಣದ ಕಾಲದಲ್ಲಿಯೂ ಇಳಿದಿತ್ತು. ಮೆದುಳನ್ನು ನೋಡಿದವರಿಂದ, ಹೃದಯವನ್ನು ನೋಡಿದವರಿಂದ, ಸತ್ತವರನ್ನು ಎಣಿಸಿದವರಿಂದ ಸತ್ಯ ತಿಳಿಯಿತು. ತಮ್ಮದೇ ಚಿಕಿತ್ಸೆಯ ದೋಷವನ್ನು ಬರೆದಿಟ್ಟ ಸ್ಕ್ರಿಬ್ನರ್ ಅವರಂಥವರು ಇಲ್ಲದಿದ್ದರೆ ನಾವು ಇನ್ನೂ ಕತ್ತಲಲ್ಲಿ ಇರುತ್ತಿದ್ದೆವು.

ನಮ್ಮ ತಾಲ್ಲೂಕುಗಳಲ್ಲಿ

ಈಗ ನಮ್ಮ ಊರಿಗೆ ಬರೋಣ. ಭಾರತದಲ್ಲಿ ಡಯಾಲಿಸಿಸ್ 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾಯಿತು. ದಶಕಗಳ ಕಾಲ ಅದು ದೊಡ್ಡ ನಗರಗಳ, ಹಣವಂತರ ಚಿಕಿತ್ಸೆಯಾಗಿತ್ತು. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಇಂದು ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಯಂತ್ರಗಳಿವೆ. ಹೃದಯದ ಚಿಕಿತ್ಸೆಗೆ ಬೆಂಗಳೂರಿಗೆ ಅಥವಾ ಹೈದರಾಬಾದಿಗೆ ಓಡಬೇಕಿದ್ದ ನಮಗೆ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ. ಯಂತ್ರ ಹತ್ತಿರ ಬಂದಿದೆ. ತಿಳಿವಳಿಕೆ ಇನ್ನೂ ಮನೆಗೆ ಬರಬೇಕಾಗಿದೆ.

ನಮ್ಮ ಮನೆಯ ತಪ್ಪನ್ನೇ ಹೇಳುತ್ತೇನೆ. ಮಾಮೂ ಆ ಬಿಳಿ ಮಾತ್ರೆಯನ್ನು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಉಳಿದ ಎಲ್ಲ ಮಾತ್ರೆಗಳ ಜೊತೆ ನುಂಗುತ್ತಿದ್ದರು. ಊಟದ ಜೊತೆ ಎಂದು ವೈದ್ಯರು ಹೇಳಿದ್ದರು. ಅದರ ಮಹತ್ವ ನಮಗೆ ಗೊತ್ತಿರಲಿಲ್ಲ. ಎಲುಬಿನ ಶಕ್ತಿಗೆ ಕೊಟ್ಟಿದ್ದಾರೆ ಎಂದುಕೊಂಡಿದ್ದೆವು. ಹೊಟ್ಟೆಯಲ್ಲಿ ಅನ್ನವೇ ಇಲ್ಲದಾಗ ಮಾತ್ರೆ ಹಿಡಿಯುವುದು ಯಾವ ರಂಜಕವನ್ನು? ರಂಜಕ ಏರುತ್ತಲೇ ಹೋಯಿತು, ಕ್ಯಾಲ್ಸಿಯಂ ಮಾತ್ರ ಒಳಗೆ ಸೇರುತ್ತಲೇ ಹೋಯಿತು. ಅದೊಂದೇ ಅವರ ಸಾವಿಗೆ ಕಾರಣ ಎಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆ ಇತ್ತು, ರಕ್ತದೊತ್ತಡ ಇತ್ತು. ಆದರೆ ಓದು ಬಲ್ಲ ನಾನು ಮನೆಯಲ್ಲಿದ್ದೂ ಕೇಳಲಿಲ್ಲವಲ್ಲ ಎಂಬ ನೋವು ಉಳಿದಿದೆ. ನಿಮಗೆ ಆ ನೋವು ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ದಯವಿಟ್ಟು ಈ ಮಾತುಗಳನ್ನು ನೆನಪಿಡಿ. ರಂಜಕದ ಮಾತ್ರೆಯನ್ನು ಊಟದ ಜೊತೆಯಲ್ಲಿಯೇ ಕೊಡಿ. ಯಾವ ಊಟಕ್ಕೆ ಎಷ್ಟು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಈ ಲೇಖನ ಓದಿ ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಬೇಡಿ. ಅದು ಇನ್ನೂ ದೊಡ್ಡ ಅಪಾಯ. ಬದಲಾಗಿ ಕೇಳಿ: ರಂಜಕ ಎಷ್ಟಿದೆ, ಕ್ಯಾಲ್ಸಿಯಂ ಎಷ್ಟಿದೆ, ಹೃದಯದ ಪರೀಕ್ಷೆ ಯಾವಾಗ ಆಗಿದೆ, ಸುಣ್ಣವಿಲ್ಲದ ಮಾತ್ರೆ ಇವರಿಗೆ ಬೇಕೇ. ಅದು ಬೇಕೆಂದು ವೈದ್ಯರು ಹೇಳಿದರೆ ಜನೌಷಧಿ ಅಂಗಡಿಯಲ್ಲಿಯೂ ಬೆಲೆ ವಿಚಾರಿಸಿ. ಹೊಟ್ಟೆಯುರಿಗೆಂದು ಅಂಗಡಿಯಿಂದ ತಂದು ಕುಡಿಸುವ ಔಷಧಗಳಲ್ಲಿ ಇಂದಿಗೂ ಅಲ್ಯೂಮಿನಿಯಂ ಇರುತ್ತದೆ. ಕೇಳದೆ ಕೊಡಬೇಡಿ.

ಊಟದ ಬಗ್ಗೆಯೂ ಒಂದು ಮಾತು. ನಮ್ಮ ಜೋಳದ ರೊಟ್ಟಿ, ತೊಗರಿಬೇಳೆಯಲ್ಲಿ ರಂಜಕವಿದ್ದರೂ ಕಾಳಿನ ರಂಜಕ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಾಂಸ ಮತ್ತು ಹಾಲಿನದು ಅದಕ್ಕಿಂತ ಹೆಚ್ಚು ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚು ಸೇರುವುದು ಬಾಟಲಿಯ ಕೋಲಾ ಪಾನೀಯ ಮತ್ತು ಪೊಟ್ಟಣದ ತಿಂಡಿಗಳಲ್ಲಿ ಕೆಡದಂತೆ ಬೆರೆಸುವ ರಂಜಕ. ರೋಗಿಯನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದು ಇವನ್ನೇ ಅಲ್ಲವೇ?

ಕಡೆಯ ಮಾತು

ಕೃತಕ ಮೂತ್ರಪಿಂಡ ಕಟ್ಟಿದ ಕೋಲ್ಫ್ ಮುಂದೆ ಅಮೆರಿಕಕ್ಕೆ ಹೋಗಿ, ಯೂಟಾ ವಿಶ್ವವಿದ್ಯಾಲಯದಲ್ಲಿ ಕೃತಕ ಹೃದಯದ ಕೆಲಸದ ಮುಂದಾಳಾದರು. 1982ರಲ್ಲಿ ಅಲ್ಲಿ ಒಬ್ಬ ರೋಗಿಗೆ ಅಂಥ ಹೃದಯವನ್ನು ಜೋಡಿಸಲಾಯಿತು. ಒಂದು ಅಂಗದಿಂದ ಆರಂಭಿಸಿದವರು ಇನ್ನೊಂದಕ್ಕೆ ಬಂದು ಮುಟ್ಟಿದರು. ದೇಹದಲ್ಲಿ ಯಾವ ಅಂಗವೂ ಒಂಟಿಯಲ್ಲ. ಗುರ್ದೆ ಕೆಟ್ಟವರ ಮನೆಯವರು ಆ ದಿನದಿಂದಲೇ ಹೃದಯದ ಕಡೆಗೂ ಗಮನ ಕೊಡಬೇಕು.

ನಮ್ಮ ಮಕ್ಕಳು ಇಂದು ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಆಗಲು ಓದುತ್ತಿದ್ದಾರೆ. ಅವರಿಗೆ ನನ್ನದೊಂದು ವಿನಂತಿ. ಮುಂದೆ ನೀವು ಒಬ್ಬ ಕಲ್ಲು ಒಡೆಯುವವನ ಕೈಗೆ ಮಾತ್ರೆ ಕೊಡುವಾಗ, ಅದನ್ನು ಯಾವಾಗ ನುಂಗಬೇಕು, ಏಕೆ ನುಂಗಬೇಕು ಎಂಬುದನ್ನು ಅವನ ಭಾಷೆಯಲ್ಲಿ ಎರಡು ನಿಮಿಷ ಹೇಳಿ. ಕನ್ನಡವಾದರೆ ಕನ್ನಡದಲ್ಲಿ, ಉರ್ದುವಾದರೆ ಉರ್ದುವಿನಲ್ಲಿ. ಆ ಎರಡು ನಿಮಿಷಗಳಿಗೆ ಯಾವ ಖರ್ಚೂ ಇಲ್ಲ.